ಶರೀಫಜ್ಜನ ಪದ, ರಘುವಿನ ಗಿಟಾರು

ಬೆಂಗಳೂರಿನ ಅರಮನೆ ಮೈದಾನಕ್ಕೆ 2003ರಲ್ಲಿ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನವರು ಬಂದುಹೋದರು. 2007ರಲ್ಲಿ ಐರನ್ ಮೇಡನ್ ಬಂತು. ಇವೆರಡರ ನಡುವೆ, 2005ರ ಏಪ್ರಿಲ್‌ನಲ್ಲಿ, ಅದೇ ಮೈದಾನದಲ್ಲಿ ಗಾಯಕ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದರು. ಭಾವಗೀತೆ, ತತ್ವಪದ ಕೇಳಲು ಇಷ್ಟು ಜನ ಸೇರುತ್ತಾರೆಯೇ ಎಂದು ಮೂಗು ಮುರಿಯುತ್ತಿದ್ದವರು ಅವತ್ತು ಸುಮ್ಮನಾದರು. ಒಂದೇ ಮೈದಾನ, ಆದರೆ ಜಾತ್ರೆ ಬೇರೆ ಬೇರೆ. ಕಪ್ಪು ಟೀ ಶರ್ಟಿನ ರಾಕ್ ಹುಡುಗರು ತತ್ವಪದಕಾರ ಶಿಶುನಾಳ ಶರೀಫರನ್ನು ಅಜ್ಜಿ ಮನೆಯ ಕ್ಯಾಸೆಟ್ಟಿನಲ್ಲೇ ಬಿಟ್ಟು ಬಂದಿದ್ದರು. ಅಶ್ವತ್ಥರ ಅಭಿಮಾನಿಗಳಿಗೆ ಡ್ರಮ್ಸು, ಎಲೆಕ್ಟ್ರಿಕ್ ಗಿಟಾರು ಎಂದರೆ ಬರೀ ಗದ್ದಲ.

ಈ ಎರಡೂ ಗುಂಪಿನವರು ಒಂದೇ ಹಾಡಿನ ತಟ್ಟೆಯನ್ನು ಕೊಂಡದ್ದು 2008ರಲ್ಲಿ. ತಟ್ಟೆಯ ಹೆಸರು ‘ರಘು ದೀಕ್ಷಿತ್’. ತಂಡದ ಹೆಸರು ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಅದು ಅವರ ಮೊದಲ ಸ್ಟುಡಿಯೊ ಆಲ್ಬಂ. ಅದರಲ್ಲಿ ಹಿಂದಿ ಇತ್ತು, ಇಂಗ್ಲಿಷ್ ಇತ್ತು, ಇವುಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳಿದ್ದವು: ‘ಸೋರುತಿಹುದು ಮನಿಯ ಮಾಳಿಗಿ’ ಮತ್ತು ‘ಗುಡುಗುಡಿಯ ಸೇದಿ ನೋಡೊ’. ಆ ಎರಡನ್ನು ತೆಗೆದರೆ ಇದು ಚೆನ್ನಾಗಿ ಹಾಡುವ ಒಬ್ಬ ಹುಡುಗನ ಚೊಚ್ಚಲ ಪ್ರಯತ್ನವಾಗಿ ಉಳಿಯುತ್ತಿತ್ತು, ಅಷ್ಟೇ. ಅವು ಇದ್ದುದರಿಂದಲೇ ಇವತ್ತಿಗೂ ಅದರ ಬಗ್ಗೆ ಬರೆಯಬೇಕು ಅನಿಸುತ್ತದೆ.

ರಘುಪತಿ ದ್ವಾರಕಾನಾಥ ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಕಲಿತದ್ದು ಭರತನಾಟ್ಯ. ಓದಿದ್ದು ಸೂಕ್ಷ್ಮಜೀವಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ಗಿಟಾರು ಬಂದದ್ದು ಪಂತದಿಂದ. ಹುಡುಗ ನಾಟ್ಯ ಕಲಿಯುವುದೇನು ಎಂದು ಕಾಲೇಜಿನಲ್ಲಿ ಗೆಳೆಯನೊಬ್ಬ ಗೇಲಿ ಮಾಡಿದ, ಇವರು ಎರಡು ತಿಂಗಳಲ್ಲಿ ಗಿಟಾರು ನುಡಿಸಿ ತೋರಿಸುತ್ತೇನೆಂದು ಸವಾಲು ಹಾಕಿದರು. ಮುಂದೆ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಪಿಟೀಲು ವಾದಕ ಎಚ್.ಎನ್. ಭಾಸ್ಕರ್ ಜೊತೆಗಿದ್ದರು. ನಡುವೆ ಬೆಲ್ಜಿಯಂನಲ್ಲಿ ನೌಕರಿ. ಅಲ್ಲಿನ ರೇಡಿಯೊದಲ್ಲಿ ಹಾಡುವ ಅವಕಾಶ ಸಿಕ್ಕಿದ ಮೇಲೆ ಆ ಕೆಲಸ ರುಚಿಸದೆ ಊರಿಗೆ ವಾಪಸು ಬಂದರು. ‘ಅಂತರಾಗ್ನಿ’ ಒಡೆಯಿತು. ಆಮೇಲೆ ಕಟ್ಟಿದ್ದಕ್ಕೆ ತಂಡ ಎನ್ನದೆ ‘ಪ್ರಾಜೆಕ್ಟ್’ ಎಂದರು: ಬರುವವರು ಬರಲಿ, ಹೋಗುವವರು ಹೋಗಲಿ, ಹಾಡು ಮಾತ್ರ ನಿಲ್ಲಬಾರದು.

ಆದರೆ ಹಾಡನ್ನು ತಟ್ಟೆ ಮಾಡುವವರು ಬೇಕಲ್ಲ? ಸಿನಿಮಾದ್ದಲ್ಲದ ಹಾಡಿಗೆ ನಮ್ಮಲ್ಲಿ ಕಂಪನಿಗಳು ದುಡ್ಡು ಹಾಕುವುದೇ ಅಪರೂಪ, ಅದೂ ಗಿಟಾರು ಹಿಡಿದು ಕನ್ನಡದ ತತ್ವಪದ ಹಾಡುವವನಿಗೆ! ವರ್ಷಗಟ್ಟಲೆ ಬಾಗಿಲು ತಟ್ಟಿದ್ದಾಯಿತು. ಕೊನೆಗೆ ಮುಂಬಯಿಯ ಕ್ಲಬ್ಬೊಂದರಲ್ಲಿ ಹಾಡುವಾಗ ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ಕಿವಿಗೆ ಬಿದ್ದರು. ವಿಶಾಲ್ ದದ್ಲಾನಿ ಸ್ವತಃ ‘ಪೆಂಟಾಗ್ರಾಂ’ ಎಂಬ ರಾಕ್ ತಂಡದ ಗಾಯಕ. ಅವರಿಗೆ ರಘುವಿನ ಹಾಡಿನ ಗುಟ್ಟು ತಿಳಿಯಿತು. ಆ ಜೋಡಿಯ ‘ಕೌಂಟರ್ ಕಲ್ಚರ್ ರೆಕಾರ್ಡ್ಸ್’ ಈ ಆಲ್ಬಮನ್ನು ಹೊರತಂದಿತು. ಮೈಸೂರಿನವನ ಕನ್ನಡ ಹಾಡಿಗೆ ಮುಂಬಯಿಯ ಹಿಂದಿಯವರು ಬಂಡವಾಳ ಹಾಕಬೇಕಾಯಿತು ಎಂಬುದನ್ನು ಹೆಮ್ಮೆಯಿಂದ ಹೇಳಬೇಕೋ ನಾಚಿಕೆಯಿಂದಲೋ, ಓದುಗರಿಗೇ ಬಿಡುತ್ತೇನೆ.

ಈ ತಟ್ಟೆಯನ್ನು ಬೆಂಗಳೂರಿನವರು ಒಂದು ರೀತಿ ಕೇಳಿದರೆ, ನಮ್ಮ ಆದವಾನಿ ಕಡೆಯವರು ಇನ್ನೊಂದು ರೀತಿ ಕೇಳಬಹುದು. ಆದವಾನಿ, ಆಲೂರು, ರಾಯದುರ್ಗ ಮೂರೂ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಅವತ್ತು ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿ ಮೈಸೂರಿಗೆ ಹೋಯಿತು, ಈ ಮೂರು ಆ ಕಡೆಗೆ ಉಳಿದವು. ಗಡಿ ಸರಿದರೂ ಕಿವಿ ಸರಿಯಲಿಲ್ಲ. ಹರಿದಾಸರಾದ ವಿಜಯದಾಸರು 1755ರಲ್ಲಿ ದೇಹಬಿಟ್ಟ ಚಿಪ್ಪಗಿರಿ ಇಲ್ಲೇ ಇದೆ. ಗುರು ಜಗನ್ನಾಥದಾಸರ ಕೋಸಿಗಿ ಇಲ್ಲೇ ಇದೆ. ಪಕ್ಕದಲ್ಲೇ ತುಂಗಭದ್ರೆಯ ದಡದ ಮಂತ್ರಾಲಯ. ಕೌತಾಳ, ಹೊಳಗುಂದಿ ಕಡೆಯ ಹಳ್ಳಿಗಳಲ್ಲಿ ಪೇಟೆಯ ವ್ಯವಹಾರ ತೆಲುಗಿನಲ್ಲಿ ನಡೆದರೂ ರಾತ್ರಿ ಭಜನೆಗೆ ಕೂತರೆ ಕನ್ನಡದ ಪದ ತಾನಾಗಿ ಬರುತ್ತದೆ.

ಭಜನೆಯಲ್ಲಿ ಕೂತವರಿಗೆ ಗೊತ್ತು, ಅದು ಹೇಗೆ ನಡೆಯುತ್ತದೆಂದು. ಮುಂದೆ ಕೂತವನು ಪಲ್ಲವಿ ಎತ್ತುತ್ತಾನೆ. ಸುತ್ತ ಕೂತವರು ಅದನ್ನೇ ತಿರುಗಿ ಹೇಳುತ್ತಾರೆ. ಒಂದು ನುಡಿ, ಮತ್ತೆ ಪಲ್ಲವಿ. ಇನ್ನೊಂದು ನುಡಿ, ಮತ್ತೆ ಪಲ್ಲವಿ. ಹಾರ್ಮೋನಿಯಂ ಹಿಂದೆ, ತಾಳ ಕೈಯಲ್ಲಿ, ದಮ್ಮಡಿ ಮಡಿಲಲ್ಲಿ. ಮೊದಲು ಸಾವಕಾಶ ಶುರುವಾದದ್ದು ಕೊನೆಯ ನುಡಿಗೆ ಬರುವಷ್ಟರಲ್ಲಿ ದೌಡು ಹಿಡಿಯುತ್ತದೆ. ಕೂತವರು ಎದ್ದು ನಿಲ್ಲುತ್ತಾರೆ. ಈಗ ಹಾರ್ಮೋನಿಯಂ ಇದ್ದಲ್ಲಿ ಗಿಟಾರು ಇಡಿ, ದಮ್ಮಡಿ ಇದ್ದಲ್ಲಿ ಡ್ರಮ್ಸು ಇಡಿ, ತಿರುಗಿ ಹೇಳುವ ಕೆಲಸವನ್ನು ಸಭಿಕರಿಗೆ ಕೊಡಿ. ಒಂದು ಒಳ್ಳೆಯ ರಾಕ್ ಹಾಡು ನಡೆಯುವುದೂ ಹೀಗೆಯೇ. ರಘು ಶರೀಫರನ್ನು ಎಲ್ಲಿಂದಲೋ ಎಳೆದುತಂದು ರಾಕ್‌ಗೆ ಹೊಂದಿಸಿದರು ಎಂದು ಹೊಗಳುವವರಿದ್ದಾರೆ, ತೆಗಳುವವರೂ ಇದ್ದಾರೆ. ಇಬ್ಬರದೂ ಸರಿಯಲ್ಲ. ತತ್ವಪದದ ಕಟ್ಟಿನಲ್ಲೇ ಬ್ಯಾಂಡಿಗೆ ಜಾಗ ಇತ್ತು. ಅವರು ಅಲ್ಲಿ ಹೋಗಿ ಕೂತರು.

‘ಸೋರುತಿಹುದು’ ಕೇಳುವ ಮೊದಲು ಮಾಳಿಗೆ ಮನೆ ಎಂದರೇನೆಂದು ನೋಡಿರಬೇಕು. ಈ ಬಯಲುಸೀಮೆಯ ಹಳೆಯ ಮನೆಗಳಿಗೆ ಹೆಂಚಿಲ್ಲ, ಇಳಿಜಾರಿಲ್ಲ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಸೊಪ್ಪು, ಅದರ ಮೇಲೆ ಮೊಣಕೈ ಉದ್ದದಷ್ಟು ದಪ್ಪಕ್ಕೆ ಮಣ್ಣು. ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು; ಅದು ನೀರನ್ನು ಒಳಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಮನೆ ತಂಪು. ಆದರೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಯಾರಾದರೂ ಹತ್ತಿ ಹೊಸ ಚೌಳು ಹರಡಲೇಬೇಕು, ಹುಲ್ಲಿನ ಬೇರು ಕೀಳಬೇಕು, ಇಲಿ ತೋಡಿದ ತೂತು ಮುಚ್ಚಬೇಕು. ಒಂದು ವರ್ಷ ಉದಾಸೀನ ಮಾಡಿದರೆ ಮಳೆ ಬಂದ ರಾತ್ರಿ ಒಳಗೆಲ್ಲ ಪಾತ್ರೆ ಇಡುವ ಕೆಲಸ. ಹಗಲಲ್ಲಿ ಸೋರಿದರೆ ಹತ್ತಿ ನೋಡಬಹುದು. ಸೋರುವುದು ಮಾತ್ರ ಯಾವಾಗಲೂ ನಡುರಾತ್ರಿಯೇ!

ಶರೀಫರ ಪದದಲ್ಲಿ ಇರುವುದು ಈ ಮನೆಯೇ. ಜಂತಿಗೆ ಹುಳ ಬಿದ್ದಿದೆ, ತೊಲೆ ಮುರಿದಿದೆ, ಹತ್ತಿ ದುರಸ್ತಿ ಮಾಡುವವರಿಲ್ಲ, ಕತ್ತಲು ಬೇರೆ. ಸೋರುತ್ತಿರುವುದು ದೇಹವೋ ಬುದ್ಧಿಯೋ ಸಂಸಾರವೋ ಎಂಬ ಅರ್ಥವಿವರಣೆ ಆಮೇಲಿನದು. ಮೊದಲು ಆ ಮನೆಯವನ ಕೈಲಾಗದ ಸಂಕಟ ಕೇಳಬೇಕು. ಅಶ್ವತ್ಥ್ ಹಾಡಿದಾಗ ಆ ಸಂಕಟದಲ್ಲಿ ಬೈಗುಳವೂ ಇರುತ್ತದೆ, ಊರಿನ ಹಿರಿಯ ಗದರಿಸುತ್ತಿದ್ದಾನೆ ಅನಿಸುತ್ತದೆ. ರಘು ಗದರಿಸುವುದಿಲ್ಲ. ಅವರದು ಸ್ವಂತ ಮಟ್ಟು, ತಡೆದು ತಡೆದು ಏರುವ ಮಟ್ಟು. ಹೇಳುವವನು ಮನೆಯೊಳಗೇ ನೆನೆಯುತ್ತಾ ಕೂತಿದ್ದಾನೆ. ಆಲ್ಬಂನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದು. ಧಾರವಾಡ ಸೀಮೆಯ ಉಚ್ಚಾರವನ್ನು ಮೈಸೂರಿನ ನಾಲಿಗೆ ಕೆಲವು ಕಡೆ ನುಣುಪು ಮಾಡಿಬಿಟ್ಟಿದೆ, ನಿಜ. ನಮ್ಮ ಕಡೆಯವರಿಗೆ ಅದು ಕೂಡಲೇ ತಟ್ಟುತ್ತದೆ. ಆದರೂ ಪದದ ಒಂದಕ್ಷರವನ್ನೂ ಅವರು ಅಲಂಕಾರಕ್ಕೆ ಬಳಸಿಕೊಂಡಿಲ್ಲ.

‘ಗುಡುಗುಡಿಯ ಸೇದಿ ನೋಡೊ’ದ ಕತೆ ಬೇರೆ. ಕಾಲೇಜು ಹಾಸ್ಟೆಲುಗಳಲ್ಲಿ ಇದು ಸೇದುವವರ ರಾಷ್ಟ್ರಗೀತೆಯೇ ಆಗಿಹೋಯಿತು. ಶರೀಫರು ಹೇಳಿದ್ದು ಮೋಹವನ್ನೇ ಭಂಗಿಯಂತೆ ಕೊಚ್ಚಿ, ಚಿಲುಮೆಗೆ ತುಂಬಿ, ಬುದ್ಧಿಯ ಬೆಂಕಿ ಇಟ್ಟು ಸುಟ್ಟುಬಿಡು ಎಂದು. ಹುಡುಗರು ಕುಣಿದದ್ದು ಚಿಲುಮೆಗೆ! ಅದರಲ್ಲಿ ತಪ್ಪೇನೂ ಕಾಣುವುದಿಲ್ಲ ನನಗೆ. ಶರೀಫಜ್ಜನಿಗೂ ಇದು ಗೊತ್ತಿದ್ದೇ ಇರಬೇಕು. ಕಟ್ಟೆಯ ಮೇಲೆ ಸೇದುತ್ತಾ ಕೂತವರನ್ನು ಹತ್ತಿರ ಕರೆಯಬೇಕಾದರೆ ಅವರ ಕೈಯಲ್ಲಿರುವುದರಿಂದಲೇ ಮಾತು ಶುರುಮಾಡಬೇಕು. 1819ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರುವೆಂದು ಹಿಡಿದು, ಕೆಲಕಾಲ ಸಾಲಿ ಮಾಸ್ತರಿಕೆಯನ್ನೂ ಮಾಡಿ, 1889ರಲ್ಲಿ ತೀರಿಕೊಂಡ ಈ ಮನುಷ್ಯ ಪದ ಕಟ್ಟಿದ್ದೆಲ್ಲ ಕಣ್ಣೆದುರು ಇದ್ದ ಸಾಮಾನಿನ ಮೇಲೆ. ರಘುವಿನ ತಂಡ ಇದನ್ನು ನುಡಿಸುವಾಗ ದೌಡು ಎಷ್ಟೆಂದರೆ ಕೆಲವು ಮಾತು ಕೈತಪ್ಪುತ್ತವೆ. ಪಲ್ಲವಿ ಮಾತ್ರ ಕನ್ನಡ ಬಾರದವರ ಬಾಯಲ್ಲೂ ನಿಲ್ಲುತ್ತದೆ.

ಉಳಿದ ಹಾಡುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ‘ಹೇ ಭಗವಾನ್’ ಕೇಳಿದ ಕೂಡಲೇ ಹಿಡಿಸುತ್ತದೆ, ಕಾರ್ಯಕ್ರಮಗಳಲ್ಲಿ ಜನ ಕೇಳುವುದೂ ಅದನ್ನೇ. ‘ಮೈಸೂರ್ ಸೆ ಆಯೀ’ ತುಂಟ ಹಾಡು. ‘ಅಂಬರ್’ ಮತ್ತು ‘ಖಿಡ್ಕಿ’ ರಾತ್ರಿ ಬಸ್ಸಿನಲ್ಲಿ ಕೇಳಬೇಕಾದವು. ಇಂಗ್ಲಿಷಿನ ಪ್ರೇಮಗೀತೆ ಇಲ್ಲದಿದ್ದರೂ ನಡೆಯುತ್ತಿತ್ತು.

ಹಳ್ಳಿಗಳಿಗೆ ರಘುವಿನ ದನಿ ಮುಟ್ಟಿದ್ದು ಮಾತ್ರ ಈ ತಟ್ಟೆಯಿಂದಲ್ಲ, ಅದೇ 2008ರ ‘ಸೈಕೋ’ ಸಿನಿಮಾದ ಮಾದೇಶ್ವರನ ಹಾಡಿನಿಂದ. ಸಿನಿಮಾ ನೋಡದವರೂ ಆ ಹಾಡು ಬಲ್ಲರು. ತಟ್ಟೆ ಹೋದ ದಾರಿ ಬೇರೆ: 2010ರಲ್ಲಿ ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಕಾರ್ಯಕ್ರಮ, 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹಾಡುವ ಈತನನ್ನು ಇಂಗ್ಲೆಂಡಿನವರು ವಿಚಿತ್ರವಾಗಿ ನೋಡಿರಬಹುದು. ಗೆಜ್ಜೆ ಅಲಂಕಾರಕ್ಕಲ್ಲ, ನಾಟ್ಯ ಕಲಿತ ಕಾಲು ಅದು, ತಾಳ ಹಾಕುತ್ತದೆ. ಅಂದು ಗೆಳೆಯ ಯಾವುದನ್ನು ಗೇಲಿ ಮಾಡಿದ್ದನೋ ಅದೇ ಈಗ ತಂಡದ ಇನ್ನೊಂದು ವಾದ್ಯ. ಬಾಸ್ ಗಿಟಾರಿನ ಗೌರವ್ ವಾಜ್ ಮುಂತಾದ ಜೊತೆಗಾರರು ಆ ವರ್ಷಗಳ ಕಾರ್ಯಕ್ರಮಗಳನ್ನು ಕಟ್ಟಿ ನಿಲ್ಲಿಸಿದರು. ‘ಪ್ರಾಜೆಕ್ಟ್’ ಎಂಬ ಹೆಸರಿಗೆ ತಕ್ಕಂತೆ ತಂಡದಲ್ಲಿ ಮುಖಗಳು ಆಮೇಲೆ ಬದಲಾಗುತ್ತಲೇ ಹೋದವು.

ಎರಡನೆಯ ಆಲ್ಬಂ ‘ಜಗ್ ಚಂಗಾ’ ಬರಲು 2013 ಆಯಿತು. ಅದರಲ್ಲೂ ಶರೀಫರಿದ್ದಾರೆ: ‘ಲೋಕದ ಕಾಳಜಿ’, ‘ಕೋಡಗನ ಕೋಳಿ ನುಂಗಿತ್ತ’. ಧ್ವನಿಮುದ್ರಣ ಇನ್ನೂ ಹದವಾಗಿದೆ, ವಾದ್ಯ ಹೆಚ್ಚಿವೆ, ದನಿ ಪಳಗಿದೆ. ಆದರೂ ಹೊಸದಾಗಿ ಕೇಳುವವರಿಗೆ ನಾನು ಹೇಳುವುದು ಮೊದಲನೆಯದನ್ನೇ. ಕ್ರಮ ಮಾತ್ರ ಬದಲಿಸಿ: ಮೊದಲು ‘ಸೋರುತಿಹುದು’ ಹಾಕಿ, ಆಮೇಲೆ ‘ಗುಡುಗುಡಿ’, ಹಿಂದಿಯವು ಆಮೇಲೆ. ಮನೆಯಲ್ಲಿ ಭಜನೆಗೆ ಹೋಗುವ ಹಿರಿಯರಿದ್ದರೆ ಅವರಿಗೂ ಕೇಳಿಸಿ. ಮಟ್ಟು ಸರಿಯಿಲ್ಲ ಎಂದು ಅವರು ತಕರಾರು ತೆಗೆಯುವುದು ಖಂಡಿತ. ತಮ್ಮ ಮಟ್ಟಿನಲ್ಲಿ ಹಾಡಿ ತೋರಿಸುವಂತೆ ಕೇಳಿ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.