ಹಗ್ಗ ಗಟ್ಟಿ ಅದ, ಕಟ್ಟಿದ್ದು ಎಲ್ಲಿಗೆ?

ಮೊನ್ನೆ ಬೆಳಿಗ್ಗೆ ಖೂಬಾ ಪ್ಲಾಟಿನಲ್ಲಿ ಆಟೋಕ್ಕೆ ಕಾಯುತ್ತ ನಿಂತಿದ್ದೆ. ಎದುರಿಗೆ ಮೂರಂತಸ್ತಿನ ಕಟ್ಟಡ. ಅದರ ಗೋಡೆಗೆ ಒಬ್ಬ ಪೇಂಟರ್ ಜೋತುಬಿದ್ದಿದ್ದ. ಕೂಡಲು ಒಂದು ಹಲಗೆ, ಪಕ್ಕಕ್ಕೊಂದು ಬಕೆಟ್, ಮೇಲಿಂದ ಒಂದೇ ಒಂದು ನೈಲಾನ್ ಹಗ್ಗ. ಬಸ್ಸಿಗೆ ಹೊರಟವರೆಲ್ಲ ತಲೆ ಎತ್ತಿ ನೋಡಿ, ‘ಜೀವದ ಮ್ಯಾಲಿನ ಆಸೆ ಬಿಟ್ಟಾನ ನೋಡ್ರಿ’ ಎಂದು ಮುಂದೆ ಹೋಗುತ್ತಿದ್ದರು.

ಜೊತೆಗೆ ನನ್ನ ಅಣ್ಣನ ಮಗ ಇದ್ದ. ಕಳೆದ ರಜೆಯಲ್ಲಿ ಬಾದಾಮಿಗೆ ಹೋಗಿ ಬಂಡೆ ಹತ್ತುವುದನ್ನು ಕಲಿತು ಬಂದ ಹುಡುಗ. ‘ಕಾಕಾ, ಎಲ್ಲರೂ ಆ ಮನುಷ್ಯಾನ್ನ ನೋಡ್ಲಿಕತ್ತಾರ. ಹಗ್ಗ ಎಲ್ಲಿ ಕಟ್ಯಾರಂತ ಯಾರೂ ನೋಡವಲ್ಲರು’ ಎಂದ.

ಮೇಲೆ ಹತ್ತಿ ನೋಡಿದೆವು. ಹಗ್ಗದ ತುದಿಯನ್ನು ನೀರಿನ ಟ್ಯಾಂಕಿನಿಂದ ಇಳಿದ ಪೈಪಿಗೆ ಸುತ್ತಿದ್ದರು. ಅಲ್ಲಿಂದ ಅದು ಪ್ಯಾರಾಪೆಟ್ ಗೋಡೆಗೆ ಹಾಸಿದ ಶಹಾಬಾದ್ ಫರ್ಸಿಯ ಅಂಚಿನ ಮೇಲೆ ಹಾದು ಕೆಳಗಿಳಿದಿತ್ತು. ಫರ್ಸಿಯ ಅಂಚು ಎಂಥದೆಂದು ಕಲಬುರಗಿಯವರಿಗೆ ಹೇಳಬೇಕೆ? ಕೈ ತಾಗಿದರೆ ರಕ್ತ.

ಬಾದಾಮಿಯಲ್ಲಿ ಮೊದಲ ದಿನ ಬಂಡೆ ಮುಟ್ಟಲೂ ಬಿಡಲಿಲ್ಲವಂತೆ. ಹಗ್ಗ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು, ಅಷ್ಟೇ ಪಾಠ.

ನಮ್ಮೂರ ಸುತ್ತ ಅಂಥ ಬಂಡೆಗಳಿಲ್ಲ. ಕಲ್ಲು ಅಂದರೆ ನಮಗೆ ಫರ್ಸಿ, ಇಲ್ಲವೆ ಕರಿಗಲ್ಲು. ಬಂಡೆ ಹತ್ತುವ ಹುಚ್ಚಿನವರು ಬಾದಾಮಿಯ ಕೆಂಪು ಮರಳುಗಲ್ಲಿಗೋ, ಹಂಪಿಯ ಗುಂಡುಗಳಿಗೋ, 1975ರ ‘ಶೋಲೆ’ ಚಿತ್ರದ ರಾಮನಗರ ಬೆಟ್ಟಕ್ಕೋ ಹೋಗುತ್ತಾರೆ. ಚಿತ್ರದುರ್ಗದ ಕೋಟೆಯನ್ನು ಜ್ಯೋತಿರಾಜ್ ಹಗ್ಗವಿಲ್ಲದೆ ಹತ್ತುವುದನ್ನು ಟಿ.ವಿ.ಯಲ್ಲಿ ನೋಡಿರಬಹುದು. ಅದು ಒಬ್ಬನ ಮಾತು. ಹೊಸಬರು ಹತ್ತುವುದು ಟಾಪ್ ರೋಪ್ ಮೇಲೆ.

ಟಾಪ್ ರೋಪ್ ಅಂದರೆ ಬಾವಿಯ ರಾಟಿ ಇದ್ದಂತೆ. ಹಗ್ಗ ಕೆಳಗಿಂದ ಮೇಲೆ ಹೋಗಿ, ಬಂಡೆಯ ತಲೆಯಲ್ಲಿ ಲೋಹದ ಕೊಂಡಿಯೊಳಗೆ ಹಾದು, ಮತ್ತೆ ಕೆಳಗೆ ಬರುತ್ತದೆ. ಒಂದು ತುದಿ ಹತ್ತುವವನ ಸೊಂಟಕ್ಕೆ, ಇನ್ನೊಂದು ನೆಲದ ಮೇಲೆ ನಿಂತು ಹಗ್ಗ ಬಿಗಿ ಹಿಡಿಯುವವನ ಕೈಗೆ. ಮೇಲಿನ ಕಟ್ಟಿಗೆ ಆಂಕರ್ ಎನ್ನುತ್ತಾರೆ. ಜೀವ ಇರುವುದು ಅದರಲ್ಲಿ.

ಮೊದಲ ತಪ್ಪು ಲೆಕ್ಕದ್ದು. ಹತ್ತುವವನ ತೂಕ 60 ಕಿಲೋ, ಆಂಕರಿಗೂ ಅಷ್ಟೇ ಭಾರ ಅಂದುಕೊಳ್ಳುತ್ತಾರೆ. ರಾಟಿಯ ಮರಕ್ಕೆ ಕೊಡದ ಭಾರವೂ ಬೀಳುತ್ತದೆ, ಜಗ್ಗುವವನ ಭಾರವೂ ಬೀಳುತ್ತದೆ, ಅಲ್ಲವೆ? ಹಾಗೇ ಇಲ್ಲಿಯೂ. ಕೊಂಡಿಯ ತಿಕ್ಕಾಟದಲ್ಲಿ ಸ್ವಲ್ಪ ಕಳೆದರೂ, ಸುಮ್ಮನೆ ಜೋತುಬಿದ್ದಾಗಲೇ ಆಂಕರಿಗೆ ಹತ್ತಿರ ಹತ್ತಿರ 100 ಕಿಲೋ. ಕೈಜಾರಿ ಬಿದ್ದರೆ ಇನ್ನೂ ಹೆಚ್ಚು.

ಎರಡನೆಯದು, ಒಂದೇ ಮರ, ಒಂದೇ ಮೊಳೆ ನಂಬುವುದು. ಬಂಡೆಯ ಮೇಲಿನ ಗಿಡ ಹಸಿರಾಗಿ ಕಂಡರೂ ಬೇರು ಇರುವುದು ಒಂದು ಗೇಣು ಮಣ್ಣಿನಲ್ಲಿ. ಕಲ್ಲನ್ನು ಕೈಯಿಂದ ಬಡಿದು ನೋಡಬೇಕು. ಡಬ್ ಡಬ್ ಎಂದು ಟೊಳ್ಳು ಸದ್ದು ಬಂದರೆ ಅದಕ್ಕೆ ಕಟ್ಟಬಾರದು. ಮಳೆಯಲ್ಲಿ ನೆನೆದ ಮರಳುಗಲ್ಲನ್ನಂತೂ ಒಣಗುವ ತನಕ ಮುಟ್ಟಲೇಬಾರದು.

ಎರಡು ಕಡೆ ಕಟ್ಟಿದೆವು ಎಂದು ಬೀಗುವವರ ತಪ್ಪು ಬೇರೆ. ಎರಡೂ ಆಸರೆಗಳನ್ನು ಬಹಳ ದೂರ ದೂರ ಹಿಡಿಯುತ್ತಾರೆ. ಅಡತಿ ಅಂಗಡಿಯಲ್ಲಿ ಇಬ್ಬರು ಹಮಾಲರು ಹಗ್ಗ ಹಾಕಿ ತೊಗರಿ ಚೀಲ ಎತ್ತುವುದನ್ನು ನೆನೆಸಿಕೊಳ್ಳಿ. ಹತ್ತಿರ ನಿಂತರೆ ಹಗುರ. ದೂರ ದೂರ ಸರಿದರೆ ರಟ್ಟೆ ಕಿತ್ತು ಬರುತ್ತದೆ. ಭಾರ 100 ಕಿಲೋ ಇದ್ದು, ಎರಡು ಹಗ್ಗಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ 58 ಕಿಲೋ. 120 ಡಿಗ್ರಿಗೆ ಒಂದೊಂದರ ಮೇಲೂ ಪೂರಾ 100. 150 ಡಿಗ್ರಿ ಆಯಿತೋ, 193! ಪಿಯುಸಿಯಲ್ಲಿ ಈ ಲೆಕ್ಕಕ್ಕೇ ಹೆದರಿ ಕಾಲೇಜು ಬಿಟ್ಟವನು ನಾನು. ಹಮಾಲರ ಮಾತಿನಲ್ಲಿ ಹೇಳಿದ್ದರೆ ಪಾಸಾಗುತ್ತಿದ್ದೆನೋ ಏನೋ. ಇನ್ನು ಎರಡು ಹಗ್ಗದಲ್ಲಿ ಒಂದು ಸಡಿಲ ಬಿಟ್ಟಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಮೊದಲನೆಯದು ಕಿತ್ತ ಮೇಲೆ ಎರಡನೆಯದಕ್ಕೆ ಒಮ್ಮೆಲೇ ಜರ್ಕ್.

ಹುಡುಗ ಅತಿ ಸಿಟ್ಟಿನಿಂದ ಹೇಳಿದ್ದು ಮತ್ತೊಂದು ತಪ್ಪಿನ ಬಗ್ಗೆ. ಕೊಂಡಿ ಉಳಿಸಲು ಹೋಗಿ, ಆಂಕರಿನ ನೈಲಾನ್ ಪಟ್ಟಿಯೊಳಗೇ ನೇರವಾಗಿ ಹಗ್ಗ ಹಾಯಿಸುವುದು. ನೈಲಾನ್ ಹಗ್ಗ ಕತ್ತರಿಸಿ, ಎಳೆ ಬಿಚ್ಚದಿರಲೆಂದು ಅಂಗಡಿಯವರು ತುದಿಗೆ ಕಡ್ಡಿ ಗೀರಿ ಹಿಡಿಯುತ್ತಾರಲ್ಲ, ಹೇಗೆ ಕರಗುತ್ತದೆ! ನೈಲಾನ್ ಮೇಲೆ ನೈಲಾನ್ ಒಂದೇ ಜಾಗದಲ್ಲಿ ಉಜ್ಜಿದರೂ ಅದೇ ಗತಿ. ಅದಕ್ಕೇ ಹಗ್ಗ ಲೋಹದೊಳಗೇ ಓಡಬೇಕು. ಕೊಂಡಿ ಎರಡಿರಬೇಕು, ಬಾಯಿ ಒಂದು ಈಕಡೆ ಒಂದು ಆಕಡೆ, ಎರಡಕ್ಕೂ ಲಾಕ್. ಆ ಕೊಂಡಿಗಳು ಬಂಡೆಯ ಅಂಚು ದಾಟಿ ಕೆಳಗೆ ಜೋತಿರಬೇಕು. ಇಲ್ಲದಿದ್ದರೆ ಹತ್ತಿ ಇಳಿದಷ್ಟು ಸಲವೂ ಹಗ್ಗ ಅಂಚಿಗೆ ತಿಕ್ಕುತ್ತದೆ.

ಇಷ್ಟೆಲ್ಲ ಕಟ್ಟುವವನು ತಾನೇ ಅಂಚಿನಲ್ಲಿ ಏನೂ ಕಟ್ಟಿಕೊಳ್ಳದೆ ಬಗ್ಗಿ ನಿಂತಿರುತ್ತಾನಂತೆ. ಅದೂ ಒಂದು ತಪ್ಪು.

ಖೂಬಾ ಪ್ಲಾಟಿನ ಮಾಳಿಗೆಗೆ ಬರೋಣ. ಕೂಗಿ ಪೇಂಟರನನ್ನು ಮೇಲೆ ಕರೆಸಿದೆವು. ಐವತ್ತರ ಆಸುಪಾಸಿನ ಮನುಷ್ಯ. ‘ಇಪ್ಪತ್ತು ವರ್ಷಾತು ಸಾಹೇಬ್ರ, ಒಮ್ಮೆಯೂ ಹಗ್ಗ ಹರದಿಲ್ಲ’ ಎಂದ.

‘ಮಾಮಾ, ಹಗ್ಗ ಹರಿಯಂಗಿಲ್ಲ. ಪೈಪ್ ಕಿತ್ತಕೊಂಡು ಬರ್ತದ’ ಎಂದು ಹುಡುಗ ಪೈಪಿಗೆ ಕೈ ಹಾಕಿ ಅಲುಗಿಸಿದ. ಗೋಡೆಗೆ ಬಡಿದಿದ್ದ ಒಂದು ಕ್ಲ್ಯಾಂಪು ಕೈಗೇ ಬಂತು.

ಪೇಂಟರ್ ಅದನ್ನು ಇಸಗೊಂಡು ಬಹಳ ಹೊತ್ತು ನೋಡಿದ. ಏನೂ ಮಾತಾಡಲಿಲ್ಲ. ಹಗ್ಗ ಬಿಚ್ಚಿ ಮೆಟ್ಟಿಲ ಕೋಣೆಯ ಸಿಮೆಂಟ್ ಕಂಬಕ್ಕೆ ಮೂರು ಸುತ್ತು ಹಾಕಿ ಕಟ್ಟಿದ. ಫರ್ಸಿಯ ಅಂಚಿಗೆ ಗೋಣಿಚೀಲ ಮಡಚಿ ಇಟ್ಟೆವು. ಸೊಂಟಕ್ಕೆ ಬೇರೆಯದೇ ಒಂದು ಹಗ್ಗ ಬೇಕು, ಅದನ್ನು ಬೇರೆ ಕಂಬಕ್ಕೆ ಕಟ್ಟಬೇಕು ಎಂದ ಹುಡುಗ. ಅಷ್ಟರಲ್ಲಿ ಕಟ್ಟಡದ ಮಾಲೀಕರು ಬಂದರು. ‘ಅದೆಲ್ಲ ಗುತ್ತೇದಾರ ನೋಡ್ಕೋತಾನ, ನಿಮಗ್ಯಾಕ್ರಿ?’ ಎಂದರು. ಕಟ್ಟಡ ಕಾರ್ಮಿಕರ ಕಾನೂನು 1996ರಲ್ಲೇ ಬಂದಿತ್ತು, ರಿಪೇರಿ ಕೆಲಸವೂ ಅದರೊಳಗೆ ಬರುತ್ತಿತ್ತು ಎಂದೆ. ಅವರಿಗೆ ಫೋನ್ ಬಂತು, ಕೆಳಗಿಳಿದು ಹೋದರು.

ಸಂಜೆ ಆಫೀಸಿನಿಂದ ಬರುವಾಗ ಮತ್ತೆ ತಲೆ ಎತ್ತಿ ನೋಡಿದೆ. ಗೋಣಿಚೀಲ ಇಟ್ಟಲ್ಲೇ ಇತ್ತು. ಪೇಂಟರ್ ಎರಡನೇ ಅಂತಸ್ತಿನ ಕಿಟಕಿಯ ತನಕ ಇಳಿದಿದ್ದ. ಹಗ್ಗ ಒಂದೇ ಇತ್ತು.