‘ತಲುಪಿದಾಗ’ ಎಂದರೆ ಯಾವಾಗ?

ಸ್ಪೇನ್‌ನಲ್ಲಿ ಊಟಕ್ಕೆ ಕೂತವರನ್ನು ಕಂಡರೆ ‘ಕೆ ಅಪ್ರೊಬೇಚೆ’ ಎನ್ನುತ್ತಾರೆ. ತಿಂದದ್ದು ಮೈಗೆ ಹತ್ತಲಿ ಎಂಬ ಹಾರೈಕೆ ಅದು. ಹುಷಾರಿಲ್ಲದವರಿಗೆ ‘ಕೆ ತೆ ಮೆಹೋರೆಸ್’, ಬೇಗ ಗುಣವಾಗಲಿ. ಎರಡೂ ಕಡೆ ಕ್ರಿಯಾಪದ ‘ಸುಬ್‌ಹುಂತೀಬೊ’ ಎಂಬ ರೂಪ ತಾಳಿದೆ. ಇಂಗ್ಲಿಷಿನಲ್ಲಿ ಇಂಥ ರೂಪ ಬಹುಪಾಲು ಸವೆದುಹೋಗಿರುವುದರಿಂದ, ಆ ದಾರಿಯಲ್ಲಿ ಸ್ಪ್ಯಾನಿಷ್ ಕಲಿಯುವವರು ಈ ಪಾಠಕ್ಕೆ ಬಂದೊಡನೆ ಗಾಬರಿಯಾಗುತ್ತಾರೆ.

ಕನ್ನಡಿಗರಿಗೆ ಆ ಭಯ ಬೇಡ. ಹತ್ತಲಿ, ಆಗಲಿ, ಬರಲಿ ಎಂದು ದಿನವೂ ಹರಸುವ ಬಾಯಿ ನಮ್ಮದು. ‘ಬಂದಾನು’, ‘ಮಳೆ ಬಂದೀತು’ ಎಂದು ಅನುಮಾನವನ್ನೂ ಕ್ರಿಯಾಪದದೊಳಗೇ ಇಟ್ಟುಬಿಡುತ್ತೇವೆ. ಸ್ಪ್ಯಾನಿಷ್‌ನಲ್ಲಿ ಹಾರೈಕೆಗೂ ಅನುಮಾನಕ್ಕೂ ಒಂದೇ ರೂಪ, ಅಷ್ಟೆ. 711ರಿಂದ 1492ರವರೆಗೆ ಐಬೀರಿಯಾದಲ್ಲಿದ್ದ ಮುಸ್ಲಿಂ ಆಳ್ವಿಕೆಯ ಕಾಲದ ಅರಬ್ಬಿಯಿಂದ ಉಳಿದುಬಂದ ಪದ ‘ಒಹಲಾ’. ದೇವರು ಮನಸ್ಸು ಮಾಡಿದರೆ ಎಂಬುದು ಮೂಲಾರ್ಥ. ಅದರ ಮುಂದೆ ಬರುವ ಕ್ರಿಯಾಪದ ಇಂದಿಗೂ ಈ ರೂಪಕ್ಕೆ ತಿರುಗಲೇಬೇಕು.

ತಿರುಗಿಸುವುದು ಸುಲಭ, ಸ್ವರ ಅದಲುಬದಲಾದರೆ ಸಾಕು. ‘ಆಬ್ಲ’ ಎಂದರೆ ಮಾತಾಡುತ್ತಾನೆ, ‘ಆಬ್ಲೆ’ ಎಂದರೆ ಮಾತಾಡಲಿ. ‘ಕೋಮೆ’ ತಿನ್ನುತ್ತಾನೆ, ‘ಕೋಮ’ ತಿನ್ನಲಿ. ನಿಯಮಕ್ಕೆ ಸಿಗದವೂ ಇವೆ, ಅವನ್ನು ಬಾಯಿಪಾಠ ಮಾಡಿದರಾಯಿತು.

ನಾವು ಎಡವುವುದು ಬೇರೆ ಕಡೆ. ‘ಊರು ತಲುಪಿದಾಗ ಫೋನ್ ಮಾಡುತ್ತೇನೆ’ ಎನ್ನುತ್ತೇವೆ. ‘ಊರು ತಲುಪಿದಾಗ ಕತ್ತಲಾಗಿತ್ತು’ ಎಂದೂ ಎನ್ನುತ್ತೇವೆ. ಒಂದರಲ್ಲಿ ಬಸ್ಸನ್ನೇ ಹತ್ತಿಲ್ಲ, ಇನ್ನೊಂದರಲ್ಲಿ ಇಳಿದಾಗಿದೆ. ‘ತಲುಪಿದಾಗ’ ಮಾತ್ರ ಅದೇ. ಸ್ಪ್ಯಾನಿಷ್ ಇದಕ್ಕೆ ಒಪ್ಪುವುದಿಲ್ಲ. ಇನ್ನೂ ತಲುಪದಿದ್ದರೆ ‘ಕ್ವಾಂದೊ ಯೇಗೆ’, ತಲುಪಿಯಾಗಿದ್ದರೆ ‘ಕ್ವಾಂದೊ ಯೆಗೇ’. ಅಕ್ಷರಗಳು ಅವೇ. ಒತ್ತು ಮೊದಲಲ್ಲಿ ಬಿದ್ದರೆ ಮುಂದೆ ಆಗಬೇಕಾದದ್ದು, ಕೊನೆಯಲ್ಲಿ ಬಿದ್ದರೆ ಆಗಿಹೋದದ್ದು. ಬರೆಯುವಾಗ ಕೊನೆಯ ಸ್ವರದ ತಲೆಯ ಮೇಲೊಂದು ಪುಟ್ಟ ಗೀಟು, ಅಷ್ಟೇ ವ್ಯತ್ಯಾಸ. ಕನ್ನಡದ ಗುಂಗಿನಲ್ಲಿ ನಾನು ಎಷ್ಟೋ ದಿನ ಎರಡಕ್ಕೂ ‘ಯೆಗೇ’ ಎಂದೇ ಹೇಳುತ್ತಿದ್ದೆ.

ಮನೆ ಹುಡುಕುವಾಗಲೂ ಹೀಗೆಯೇ. ‘ಕೈತೋಟ ಇರುವ ಮನೆ ಹುಡುಕುತ್ತಿದ್ದೇನೆ’ ಎಂದರೆ, ಗೊತ್ತಿರುವ ಒಂದು ಮನೆಯ ವಿಳಾಸ ಸಿಗುತ್ತಿಲ್ಲವೋ ಅಥವಾ ಅಂಥದ್ದೊಂದು ಎಲ್ಲಾದರೂ ಸಿಕ್ಕೀತೆಂಬ ಆಸೆಯೋ? ಸ್ಪ್ಯಾನಿಷ್‌ನಲ್ಲಿ ಈ ‘ಇರುವ’ದ ಜಾಗದಲ್ಲಿ ‘ತ್ಯೇನೆ’ ಎಂದರೆ ಆ ಮನೆ ಇದೆ. ‘ತೆಂಗ’ ಎಂದರೆ ಇದೆಯೋ ಇಲ್ಲವೋ, ಇದ್ದರೆ ಬೇಕು. ‘ಕೈತೋಟ ಇರುವಂಥ ಮನೆ’ ಎಂದು ನೋಡಿ, ಆ ‘ಅಂಥ’ದಲ್ಲಿ ‘ತೆಂಗ’ದ ನೆರಳು ಕಾಣುತ್ತದೆ. ನಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುವವರು ಇಂಗ್ಲಿಷನ್ನು ಸುತ್ತಿಬರದೆ ಇಲ್ಲಿಂದಲೇ ಶುರುಮಾಡಲಿ ಎಂಬುದು ನನ್ನ ಆಸೆ.