ಸರ್ವೀಸ್‌ಗೆ ಬಿಟ್ಟ ವಾಹನಕ್ಕೆ ಹಾನಿಯಾದರೆ

ಡೀಲರ್‌ನ ಸರ್ವೀಸ್ ಸೆಂಟರ್‌ಗೆ ಬಿಟ್ಟ ವಾಹನ ಒಂದೇ ದಿನದಲ್ಲಿ ಹಲವರ ಕೈ ದಾಟುತ್ತದೆ. ಬಾಗಿಲಲ್ಲಿ ಕೀ ಪಡೆಯುವವರು ಒಬ್ಬರು, ಒಳಗೆ ಒಯ್ದು ನಿಲ್ಲಿಸುವವರು ಇನ್ನೊಬ್ಬರು. ಆಯಿಲ್ ಬದಲಿಸುವ ಮೆಕ್ಯಾನಿಕ್, ಅಲೈನ್‌ಮೆಂಟ್ ನೋಡುವವರು, ಟೆಸ್ಟ್ ಡ್ರೈವ್ ಮಾಡುವವರು, ಕೊನೆಗೆ ವಾಟರ್ ವಾಷ್‌ನ ಹುಡುಗರು. ಈ ನಡುವೆ ಎಲ್ಲೋ ಬಾಗಿಲಿಗೆ ಗೀರು ಬೀಳುತ್ತದೆ, ಬಂಪರ್ ನೆಗ್ಗುತ್ತದೆ, ಡ್ಯಾಶ್‌ಬೋರ್ಡ್‌ನ ಕ್ಲಿಪ್ ಮುರಿಯುತ್ತದೆ. ಸಂಜೆ ಬಿಲ್ ಕೈಗಿಡುವ ಸರ್ವೀಸ್ ಅಡ್ವೈಸರ್‌ಗೆ ಅದು ಎಲ್ಲಿ ಆಯಿತೆಂದು ನಿಜಕ್ಕೂ ತಿಳಿದಿರುವುದಿಲ್ಲ. "ಇದು ಮೊದಲೇ ಇತ್ತು ಸಾರ್" ಎಂಬ ಮಾತು ಬರುವುದು ಆಗ. ಮಾಲೀಕರ ಬಳಿ ಅದಕ್ಕೆ ಉತ್ತರ ಇದೆಯೋ ಇಲ್ಲವೋ ಎಂಬುದು ಬೆಳಿಗ್ಗೆ ವಾಹನ ಬಿಡುವಾಗಲೇ ತೀರ್ಮಾನವಾಗಿರುತ್ತದೆ.

ಕಣ್ಣಿಗೆ ಕಾಣುವ ಹಾನಿ ಸುಲಭದ್ದು. ಇಕ್ಕಟ್ಟಿನ ಯಾರ್ಡ್‌ನಲ್ಲಿ ಹಿಂದೆ ಮುಂದೆ ಮಾಡುವಾಗ ಆಗುವ ತರಚು, ಮಣ್ಣು ಮೆತ್ತಿದ ಬಟ್ಟೆಯಿಂದ ಒರೆಸಿದಾಗ ಬಣ್ಣದ ಮೇಲೆ ಮೂಡುವ ಸುಳಿಗೆರೆಗಳು, ಸ್ಕೂಟರ್‌ನ ಪ್ಯಾನೆಲ್ ಬಿಚ್ಚುವಾಗ ಮುರಿಯುವ ಪ್ಲಾಸ್ಟಿಕ್ ಕಿವಿಗಳು ಈ ಗುಂಪಿನವು. ಬ್ರೇಕ್ ಆಯಿಲ್ ತೊಟ್ಟಿಕ್ಕಿದ ಜಾಗವನ್ನು ಕೂಡಲೇ ತೊಳೆಯದಿದ್ದರೆ ಅದು ಬಣ್ಣವನ್ನೇ ತಿನ್ನುತ್ತದೆ. ಲಿಫ್ಟ್ ಅಥವಾ ಜಾಕ್ ತಪ್ಪು ಜಾಗದಲ್ಲಿ ಕೊಟ್ಟರೆ ಬಾಗಿಲ ಕೆಳಗಿನ ತಗಡಿನ ಅಂಚು ಮಡಚಿಕೊಳ್ಳುತ್ತದೆ. ಬಗ್ಗಿ ನೋಡದವರಿಗೆ ಅದು ಕಾಣುವುದು ತುಕ್ಕು ಹಿಡಿದ ಮೇಲೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಇದೇ ತಪ್ಪು ಇನ್ನೂ ದುಬಾರಿ. ವಾಹನದ ಅತಿ ಬೆಲೆಯ ಭಾಗವಾದ ಬ್ಯಾಟರಿ ಪ್ಯಾಕ್ ಸಾಮಾನ್ಯವಾಗಿ ಅಡಿಭಾಗದಲ್ಲೇ ಇರುತ್ತದೆ.

ನಿಜವಾಗಿ ಭಯಪಡಬೇಕಾದದ್ದು ಒಳಗಿನ ಹಾನಿಗೆ. ಎಂಜಿನ್ ಆಯಿಲ್ ಬಸಿಯುವ ಡ್ರೇನ್ ಬೋಲ್ಟನ್ನು ಅತಿಯಾಗಿ ಬಿಗಿದರೆ ಆಯಿಲ್ ತುಂಬಿರುವ ಅಲ್ಯೂಮಿನಿಯಂ ಸಂಪ್‌ನ ತಿರುಪಿನ ಮರೆ (ಥ್ರೆಡ್) ಸವೆದುಹೋಗುತ್ತದೆ. ಬಿಗಿಯುವುದು ಸಾಲದಿದ್ದರೆ ದಾರಿಯಲ್ಲಿ ಆಯಿಲ್ ಸೋರುತ್ತದೆ. ಹಳೆಯ ಆಯಿಲ್ ಫಿಲ್ಟರ್‌ನ ರಬ್ಬರ್ ಉಂಗುರ ಎಂಜಿನ್‌ಗೇ ಅಂಟಿಕೊಂಡಿದ್ದು, ಅದನ್ನು ಗಮನಿಸದೆ ಮೇಲೆ ಹೊಸ ಫಿಲ್ಟರ್ ಕೂರಿಸಿದರೂ ಆಗುವುದು ಅದೇ. ಆಯಿಲ್ ಒತ್ತಡ ಬಿದ್ದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಸೀಜ್ ಆಗಬಲ್ಲದು. ಸಣ್ಣ ಕಾರುಗಳ ಚಕ್ರದ ನಟ್‌ಗಳನ್ನು ಸುಮಾರು 100 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿಯಬೇಕು. ಗಾಳಿಯ ಗನ್ ಹಿಡಿದು ಅವಸರದಲ್ಲಿ ಬಿಗಿದಾಗ ಸ್ಟಡ್‌ಗಳೇ ದುರ್ಬಲವಾಗುತ್ತವೆ, ಸಡಿಲ ಬಿಟ್ಟರೆ ಚಕ್ರ ಕಳಚುವ ಅಪಾಯ. ಎಂಜಿನ್ ಕೋಣೆಗೆ ಜೋರು ನೀರು ಹೊಡೆದಾಗ ವೈರಿಂಗ್ ಕನೆಕ್ಟರ್‌ಗಳಿಗೆ ಹೊಕ್ಕ ತೇವ ವಾರದ ಬಳಿಕ ತೊಂದರೆ ಕೊಡಬಹುದು. ಇವು ಯಾವುವೂ ಗೇಟ್ ದಾಟುವಾಗ ಗೊತ್ತಾಗುವುದಿಲ್ಲ. ಸರ್ವೀಸ್ ಮುಗಿಸಿ ಹೊರಟ ದಾರಿಯಲ್ಲಿ ಆಯಿಲ್ ದೀಪ ಹೊತ್ತಿದರೆ ಎಂಜಿನ್ ಆಫ್ ಮಾಡಿ ಅಲ್ಲೇ ನಿಲ್ಲಿಸಿ, ಟೋ ಮಾಡಿಸಿಕೊಂಡು ಹೋಗುವುದೊಂದೇ ಸರಿಯಾದ ದಾರಿ. "ಇನ್ನೇನು ಹತ್ತಿರ ಬಂತಲ್ಲ" ಎಂದು ಓಡಿಸಿದರೆ ಎಂಜಿನ್ ಹಾಳಾಗುವುದರ ಜೊತೆಗೆ, ದೀಪ ನೋಡಿಯೂ ಓಡಿಸಿದ ತಪ್ಪು ಮಾಲೀಕರ ತಲೆಗೆ ಬರುತ್ತದೆ.

ಕಾನೂನು ಈ ವಿಷಯದಲ್ಲಿ ತೀರ ಹಳೆಯದು, ತೀರ ಸ್ಪಷ್ಟವಾದದ್ದು. 1872ರ ಭಾರತೀಯ ಕರಾರು ಅಧಿನಿಯಮ ಒಂದು ಉದ್ದೇಶಕ್ಕಾಗಿ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಉದ್ದೇಶ ಮುಗಿದ ಮೇಲೆ ಹಿಂಪಡೆಯುವ ವ್ಯವಹಾರವನ್ನು ಬೇಲ್‌ಮೆಂಟ್ ಎಂದು ಕರೆಯುತ್ತದೆ. ಕೀ ಕೊಟ್ಟ ಕ್ಷಣದಿಂದ ಸರ್ವೀಸ್ ಸೆಂಟರ್ ಈ ಹೊಣೆ ಹೊತ್ತಂತೆ. 151ನೇ ಕಲಂ ಪ್ರಕಾರ, ಸಾಮಾನ್ಯ ವಿವೇಕವುಳ್ಳ ಮನುಷ್ಯ ಅದೇ ಬೆಲೆಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳುತ್ತಾನೋ ಅಷ್ಟು ಜೋಪಾನ ಮಾಡಬೇಕು. 154ನೇ ಕಲಂ ಇನ್ನೂ ಬಿಗಿ: ಒಪ್ಪಿದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದಾಗ ಆದ ಹಾನಿಗೆ ಪೂರ್ತಿ ಹೊಣೆ ಬಳಸಿದವರದು. ಗ್ರಾಹಕರ ಕಾರಿನಲ್ಲಿ ಸಿಬ್ಬಂದಿ ಊಟ ತರಲು ಹೋಗಿದ್ದರೆ ಎಷ್ಟು ಎಚ್ಚರದಿಂದ ಓಡಿಸಿದ್ದರೂ ತಪ್ಪಿಸಿಕೊಳ್ಳುವಂತಿಲ್ಲ. ತಮ್ಮ ತಪ್ಪಿನಿಂದ ಸಕಾಲಕ್ಕೆ ವಾಹನ ಹಿಂದಿರುಗಿಸದೆ ಇಟ್ಟುಕೊಂಡರೆ, ಆಮೇಲೆ ಆಗುವ ಹಾನಿಗೂ ಅವರೇ ಹೊಣೆ ಎಂದು 161ನೇ ಕಲಂ ಹೇಳುತ್ತದೆ.

ಆದರೂ ವಾಹನ ಪಡೆಯುವಾಗ ಬರೆಯುವ ಜಾಬ್ ಕಾರ್ಡ್‌ನ ಹಿಂಬದಿಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, "ವಾಹನ ಮಾಲೀಕರ ಜವಾಬ್ದಾರಿಯ ಮೇಲೆ ಬಿಡಲಾಗಿದೆ" ಎಂಬ ಸಾಲು ಇರುವುದುಂಟು. ಅನೇಕರು ಅದನ್ನು ನೋಡಿ ಅಲ್ಲಿಗೇ ಕೈಚೆಲ್ಲುತ್ತಾರೆ. ಕೈಚೆಲ್ಲಬೇಕಿಲ್ಲ. ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಅತಿಥಿಯೊಬ್ಬರು ಪಾರ್ಕಿಂಗ್‌ಗೆಂದು ಸಿಬ್ಬಂದಿಗೆ ಒಪ್ಪಿಸಿದ ಮಾರುತಿ ಝೆನ್ ಕಾರು ಕಳುವಾಯಿತು. ಟೋಕನ್ ಮೇಲೆ ಇಂಥದೇ ಷರತ್ತು ಅಚ್ಚಾಗಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2019ರ ನವೆಂಬರ್‌ನಲ್ಲಿ ತೀರ್ಪು ಬಂತು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಆ ಪೀಠದಲ್ಲಿದ್ದರು. ತನ್ನ ಅಥವಾ ತನ್ನ ನೌಕರರ ನಿರ್ಲಕ್ಷ್ಯದಿಂದ ಆದ ನಷ್ಟಕ್ಕೆ ಅಚ್ಚುಹಾಕಿದ ಷರತ್ತನ್ನು ಗುರಾಣಿ ಮಾಡಿಕೊಳ್ಳಲು ಹೋಟೆಲಿಗೆ ಸಾಧ್ಯವಿಲ್ಲ, ಒಪ್ಪಿಸಿದ ಸ್ಥಿತಿಯಲ್ಲೇ ವಾಹನ ಹಿಂದಿರುಗದಿದ್ದರೆ ತಾನು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಬೀತುಪಡಿಸುವ ಭಾರ ಮೊದಲು ಹೋಟೆಲಿನದೇ ಎಂಬುದು ತೀರ್ಪಿನ ತಿರುಳು. ಪ್ರಕರಣ ಹೋಟೆಲಿನದಾದರೂ ತತ್ವ ಬೇಲ್‌ಮೆಂಟಿನದು. ಸರ್ವೀಸ್ ಸೆಂಟರ್‌ನ ಎದುರು ನಿಂತ ಗ್ರಾಹಕರಿಗೆ ಇದಕ್ಕಿಂತ ಗಟ್ಟಿ ಆಧಾರ ಕಡಿಮೆ.

ಆ ಆಧಾರ ಕೆಲಸಕ್ಕೆ ಬರಬೇಕಾದರೆ "ಒಪ್ಪಿಸಿದ ಸ್ಥಿತಿ" ಏನಿತ್ತೆಂದು ತೋರಿಸಬೇಕು. ಜಾಬ್ ಕಾರ್ಡ್ ಇರುವುದೇ ಅದಕ್ಕೆ. ಅದರಲ್ಲಿ ವಾಹನದ ರೇಖಾಚಿತ್ರವಿದ್ದು, ಇರುವ ಗೀರು ನೆಗ್ಗುಗಳನ್ನು ಗುರುತು ಹಾಕುವ ಪದ್ಧತಿ ಇದೆ. ಎಷ್ಟೋ ಕಡೆ ಅಡ್ವೈಸರ್ ನಾಲ್ಕೂ ಬದಿಗೆ ಒಂದೊಂದು ಗೆರೆ ಎಳೆದು ಸಹಿ ಕೇಳುತ್ತಾರೆ. ಆ ಸಹಿ ಬಿದ್ದರೆ ಸಂಜೆಯ ಯಾವ ಗೀರೂ "ಮೊದಲೇ ಇದ್ದದ್ದು" ಆಗಿಬಿಡುತ್ತದೆ. ಇಲ್ಲದ ಗುರುತನ್ನು ಹೊಡೆದುಹಾಕಿಸಿ, ಕಿಲೋಮೀಟರ್ ಮತ್ತು ಇಂಧನದ ಮಟ್ಟ ಬರೆಸಿ, ಪ್ರತಿಯನ್ನು ಪಡೆದ ನಂತರವೇ ಕೀ ಕೊಡಬೇಕು. ಮನೆಯಿಂದ ವಾಹನ ಒಯ್ಯುವ ಪಿಕಪ್ ಸೌಲಭ್ಯದಲ್ಲಂತೂ ಬಂದ ಚಾಲಕನ ಎದುರಿಗೇ ವಾಹನದ ಸುತ್ತ ಒಂದು ಸುತ್ತು ಮೊಬೈಲ್ ವಿಡಿಯೊ ಮಾಡಿಕೊಳ್ಳುವುದು ಜಾಣತನ. ಚಕ್ರದ ರಿಮ್, ಗಾಜು, ಬಂಪರ್‌ನ ಕೆಳ ಅಂಚು, ಸೀಟು, ಮೀಟರ್ ಎಲ್ಲವೂ ಅದರಲ್ಲಿ ಬರಲಿ. ಎರಡು ನಿಮಿಷದ ಕೆಲಸ.

ಹಿಂಪಡೆಯುವಾಗಲೂ ಇಷ್ಟೇ ಜಾಗ್ರತೆ ಬೇಕು. ಒದ್ದೆ ಮೈಯ ಮೇಲೆ ಗೀರು ಕಾಣುವುದಿಲ್ಲ, ಟ್ಯೂಬ್‌ಲೈಟ್ ಬೆಳಕಿನಲ್ಲಿ ನೆಗ್ಗು ಕಾಣುವುದಿಲ್ಲ. ಹಗಲಿನಲ್ಲಿ, ಒಣಗಿದ ಮೇಲೆ ನೋಡುವುದೊಳ್ಳೆಯದು. ಕಿಲೋಮೀಟರ್ ಎಷ್ಟು ಏರಿದೆ ಎಂಬುದನ್ನೂ ಹೋಲಿಸಬೇಕು. ಕೆಲವೊಮ್ಮೆ ಗುದ್ದಿಸಿದ ಭಾಗಕ್ಕೆ ಸದ್ದಿಲ್ಲದೆ ಟಿಂಕರಿಂಗ್ ಮಾಡಿ ಬಣ್ಣ ಹೊಡೆದಿರುತ್ತಾರೆ. ಸಂಶಯ ಬಂದರೆ ಬಣ್ಣದ ದಪ್ಪ ಅಳೆಯುವ ಮೀಟರ್ ಸತ್ಯ ಹೇಳುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಒಂದೇ ಒಂದು ಬಾಗಿಲು 200 ದಾಟಿದ್ದರೆ ಅಲ್ಲಿ ಮತ್ತೆ ಬಣ್ಣ ಬಿದ್ದಿರುವ ಸಾಧ್ಯತೆ ಹೆಚ್ಚು.

ಹಾನಿ ಕಂಡರೆ ಗೇಟ್ ದಾಟುವ ಮೊದಲೇ ಹೇಳಬೇಕು, ಹೇಳಿದ್ದನ್ನು ಬರೆಸಬೇಕು. "ಸೇವೆ ತೃಪ್ತಿಕರ" ಎಂಬ ಚೀಟಿಗೆ ಸಹಿ ಹಾಕದೆ, ಬಿಲ್ ಮತ್ತು ಗೇಟ್ ಪಾಸ್ ಮೇಲೆ ಹಾನಿಯ ವಿವರ ಬರೆದು ದಿನಾಂಕ, ಸಮಯ ಹಾಕಬೇಕು. ಬಿಲ್ ಕಟ್ಟುವುದಿಲ್ಲ ಎಂದು ಹಟ ಹಿಡಿಯುವುದು ಅಷ್ಟು ಫಲ ಕೊಡದು. ಶ್ರಮ, ಕೌಶಲ ಹಾಕಿ ಮಾಡಿದ ಕೆಲಸದ ಹಣ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕನ್ನು ಕರಾರು ಅಧಿನಿಯಮದ 170ನೇ ಕಲಂ ಕೊಡುತ್ತದೆ. "ಆಕ್ಷೇಪಣೆಯೊಂದಿಗೆ ಪಾವತಿ" ಎಂದು ಬರೆದು ಕಟ್ಟಿ, ವಾಹನ ಬಿಡಿಸಿಕೊಳ್ಳುವುದು ಮೇಲು. ಅದೇ ದಿನ ವರ್ಕ್ಸ್ ಮ್ಯಾನೇಜರ್‌ಗೆ ಇಮೇಲ್ ಹೋಗಬೇಕು; ಯಾರ್ಡ್‌ನ ಸಿಸಿಟಿವಿ ದೃಶ್ಯ ಕಾದಿರಿಸುವಂತೆ ಅದರಲ್ಲೇ ಕೇಳಬೇಕು. ಸಿಸಿಟಿವಿಯ ಹಳೆಯ ದೃಶ್ಯಗಳ ಮೇಲೆ ಕೆಲವು ದಿನಗಳಲ್ಲಿ ಹೊಸವು ದಾಖಲಾಗಿ ಮೊದಲಿನವು ಅಳಿದುಹೋಗುತ್ತವೆ. ಒಳಗಿನ ಹಾನಿಯಾದರೆ ಕೆಟ್ಟ ಭಾಗವನ್ನು ಎಸೆಯಲು ಬಿಡಬಾರದು. ಡೀಲರ್‌ನ ಕೈಗೆ ಮತ್ತೆ ಬಿಚ್ಚಲು ಕೊಡುವ ಮೊದಲು ಪರವಾನಗಿ ಪಡೆದ ಸರ್ವೇಯರ್ ಅಥವಾ ಬೇರೊಬ್ಬ ಅನುಭವಿ ತಂತ್ರಜ್ಞರಿಂದ ಪರಿಶೀಲಿಸಿ ವರದಿ ಪಡೆದಿಟ್ಟುಕೊಳ್ಳಬೇಕು. ಎಂಜಿನ್ ಕೆಟ್ಟದ್ದು ಸರ್ವೀಸ್‌ನ ತಪ್ಪಿನಿಂದಲೇ ಎಂಬುದಕ್ಕೆ ಇಂಥ ವರದಿ ಇಲ್ಲದೆ ಸೋತ ದೂರುಗಳು ಕಡಿಮೆಯಿಲ್ಲ.

ತಪ್ಪು ಒಪ್ಪಿಕೊಂಡ ಡೀಲರ್ ಮುಂದಿಡುವ ಒಂದು ಸಲಹೆಯ ಬಗ್ಗೆ ವಿಶೇಷ ಎಚ್ಚರ ಬೇಕು: "ಇನ್ಶೂರೆನ್ಸ್‌ನಲ್ಲಿ ಹಾಕಿ ಮಾಡಿಸಿಬಿಡೋಣ." ಕೇಳಲು ಉಪಕಾರದಂತಿದ್ದರೂ ಇದು ಡೀಲರ್‌ನ ತಪ್ಪಿನ ಬೆಲೆಯನ್ನು ಗ್ರಾಹಕರಿಂದ ಕಟ್ಟಿಸುವ ದಾರಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50ರವರೆಗೆ ಬೆಳೆಯುತ್ತದೆ. ಒಂದು ಕ್ಲೇಮ್‌ಗೆ ಅದು ಮುಂದಿನ ನವೀಕರಣದಲ್ಲಿ ಸೊನ್ನೆಗೆ ಇಳಿಯಬಹುದು. ಪ್ರತಿ ಕ್ಲೇಮ್‌ನಲ್ಲೂ ಮಾಲೀಕರೇ ಕೊಡಬೇಕಾದ ಒಂದಿಷ್ಟು ಮೊತ್ತ ಬೇರೆ ಇರುತ್ತದೆ. ಹಾನಿ ಎಲ್ಲಿ, ಯಾರ ಕೈಯಲ್ಲಿ ಆಯಿತೆಂದು ಕ್ಲೇಮ್ ಫಾರಂನಲ್ಲಿ ಸುಳ್ಳು ಬರೆದರೆ ಪಾಲಿಸಿಗೇ ಕುತ್ತು. ರಿಪೇರಿ ಖರ್ಚು ಡೀಲರ್‌ನದೇ, ಹಾಕುವ ಭಾಗ ಹೊಸದು, ಕೆಲಸಕ್ಕೆ ಇಂತಿಷ್ಟು ಅವಧಿಯ ಖಾತರಿ ಎಂದು ಬರಹದಲ್ಲಿ ಪಡೆಯುವುದೇ ನ್ಯಾಯವಾದ ಇತ್ಯರ್ಥ.

ಟೆಸ್ಟ್ ಡ್ರೈವ್‌ನಲ್ಲಿ ಅಪಘಾತವಾಗಿ ಬೇರೆಯವರಿಗೆ ಪೆಟ್ಟಾದರೆ ವಿಷಯವೇ ಬೇರೆ. ಪರಿಹಾರದ ಅರ್ಜಿಯಲ್ಲಿ ನೋಂದಾಯಿತ ಮಾಲೀಕರು ಮತ್ತು ಅವರ ವಿಮಾ ಕಂಪನಿ ಪ್ರತಿವಾದಿಗಳಾಗುತ್ತಾರೆ. ವಾಹನ ಆ ಹೊತ್ತಿಗೆ ಸರ್ವೀಸ್ ಸೆಂಟರ್‌ನ ವಶದಲ್ಲಿತ್ತು, ಅವರ ನೌಕರ ಓಡಿಸುತ್ತಿದ್ದ ಎಂಬುದು ಪೊಲೀಸ್ ದಾಖಲೆಯಲ್ಲಿ ಬರಬೇಕು. ವಿಮಾ ಕಂಪನಿಗೂ ಕೂಡಲೇ ತಿಳಿಸಬೇಕು.

ದೊಡ್ಡ ಕಂಪನಿಯ ಬೋರ್ಡ್ ಇದ್ದ ಮಾತ್ರಕ್ಕೆ ಕಂಪನಿಯೇ ಹೊಣೆ ಎಂದು ಹಲವರು ಭಾವಿಸುತ್ತಾರೆ. ತಯಾರಕರು ಮತ್ತು ಡೀಲರ್‌ಗಳ ನಡುವಿನ ಒಪ್ಪಂದ ಸಾಮಾನ್ಯವಾಗಿ ಇಬ್ಬರು ಸ್ವತಂತ್ರ ವ್ಯಾಪಾರಿಗಳ ನಡುವಿನದು. ಗೋವಾದಲ್ಲಿ ಹಳೆಯ ವರ್ಷದ ಕಾರನ್ನು ಹೊಸ ಮಾದರಿಯೆಂದು ಮಾರಿದ ಪ್ರಕರಣದಲ್ಲಿ, ಡೀಲರ್‌ನ ಕೃತ್ಯದ ಅರಿವು ತಯಾರಕರಿಗೆ ಇತ್ತೆಂದು ತೋರಿಸದೆ ಅವರನ್ನು ಹೊಣೆ ಮಾಡಲಾಗದು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಟಾಟಾ ಮೋಟಾರ್ಸ್ ಪರ ಹೇಳಿತು. ಹಾಗಾಗಿ ದೂರಿನ ಮೊದಲ ಗುರಿ ಡೀಲರ್. ತಯಾರಕರ ಗ್ರಾಹಕ ವಿಭಾಗಕ್ಕೆ ಬರೆಯುವುದು ಮಾತ್ರ ವ್ಯರ್ಥವಲ್ಲ. ಡೀಲರ್‌ಶಿಪ್‌ನ ಮೇಲೆ ಕಂಪನಿಯ ಹಿಡಿತ ಇರುವುದರಿಂದ ಎಷ್ಟೋ ಜಗಳ ಅಲ್ಲೇ ಬಗೆಹರಿಯುತ್ತದೆ.

ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅದು ಆದೇಶ ಕೊಡುವ ಸಂಸ್ಥೆಯಲ್ಲ, ಎರಡೂ ಕಡೆಯವರನ್ನು ಮಾತಿಗೆ ತರುವ ವ್ಯವಸ್ಥೆ. ಆದೇಶ ಬೇಕಾದರೆ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗದ ಮೆಟ್ಟಿಲು ಹತ್ತಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಇದನ್ನು ತುಂಬಾ ಸುಲಭ ಮಾಡಿದೆ. ಬೆಂಗಳೂರಿನಲ್ಲಿ ಸರ್ವೀಸ್ ಮಾಡಿಸಿದ ಹಾವೇರಿಯವರು ಹಾವೇರಿಯಲ್ಲೇ ದೂರು ಕೊಡಬಹುದು, ಏಕೆಂದರೆ ದೂರುದಾರರು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗಕ್ಕೂ ಅಧಿಕಾರವಿದೆ. ವಕೀಲರು ಕಡ್ಡಾಯವಲ್ಲ. ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಸ್ವಂತ ದುಡಿಮೆಗೆಂದು ಒಂದು ಟ್ಯಾಕ್ಸಿ ಇಟ್ಟುಕೊಂಡ ಚಾಲಕರೂ ಗ್ರಾಹಕರೇ. ಗ್ಯಾರೇಜಿನಲ್ಲಿ ನಿಂತ ದಿನಗಳ ದುಡಿಮೆಯ ನಷ್ಟವನ್ನು ಅವರು ಲೆಕ್ಕ ಸಮೇತ ಕೇಳಬೇಕು. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಲೀಗಲ್ ನೋಟಿಸ್ ಕಡ್ಡಾಯವಲ್ಲದಿದ್ದರೂ ಹದಿನೈದು ದಿನದ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಕಳಿಸಿದರೆ, ಎಷ್ಟೋ ಡೀಲರ್‌ಗಳು ಅಷ್ಟಕ್ಕೇ ಮಾತಿಗೆ ಬರುತ್ತಾರೆ.

ವಸ್ತುವಿನ ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ, ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ಅನೇಕ ಪ್ರಕರಣಗಳು ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತವೆ. ಸಣ್ಣ ಗೀರಿಗೆ ಈ ಹಾದಿ ತಕ್ಕುದಲ್ಲ, ಎಂಜಿನ್‌ಗೆ ತಕ್ಕುದು. ಗೆದ್ದವರಿಗೆ ರಿಪೇರಿ ವೆಚ್ಚದ ಜೊತೆಗೆ ಮಾನಸಿಕ ಯಾತನೆಯ ಪರಿಹಾರ, ವ್ಯಾಜ್ಯದ ಖರ್ಚು ಸಿಗಬಹುದು. ಆದೇಶವನ್ನು ಡೀಲರ್ ಪಾಲಿಸದಿದ್ದರೆ ಗ್ರಾಹಕ ಸಂರಕ್ಷಣಾ ಅಧಿನಿಯಮದ 72ನೇ ಕಲಂ ಅಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುವ ಅಧಿಕಾರ ಆಯೋಗಕ್ಕಿದೆ.